ಮನಶ್ಶಾಸ್ತ್ರೀಯ ಮಾಪನಿಯನ್ನು ಕನ್ನಡಕ್ಕೆ ತಂದು ಪರೀಕ್ಷಿಸುವ ಬಗೆ: ಬಾಣಂತಿಯರ ಖಿನ್ನತೆಯ ಪ್ರಶ್ನಾವಳಿಯ ನಿದರ್ಶನದೊಂದಿಗೆ

"ಬಳಸಲಾದ ಪ್ರಶ್ನಾವಳಿಯು ಪ್ರಮಾಣೀಕೃತವಾಗಿದ್ದು, ಅದರ ಕ್ರೋನ್‌ಬಾಕ್ ಆಲ್ಫಾ 0.82 ಇದೆ" ಎಂಬಂಥ ಒಂದು ವಾಕ್ಯ ಬರೆದು ಮಾಪನ ಸಾಧನದ ವಿಷಯವನ್ನು ಮುಗಿಸಿಬಿಡುವ ರೂಢಿ ನಮ್ಮ ಮನಶ್ಶಾಸ್ತ್ರ, ಸಮಾಜಕಾರ್ಯ ಮತ್ತು ಶಿಕ್ಷಣ ವಿಭಾಗಗಳ ಪ್ರಬಂಧಗಳಲ್ಲಿ ಬೇರುಬಿಟ್ಟಿದೆ. (ಆಲ್ಫಾ ಎಂದರೆ ಪ್ರಶ್ನಾವಳಿಯ ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದಿಕೊಂಡಿವೆ ಎಂದು ತೋರಿಸುವ ಸಂಖ್ಯೆ.) ಆ ಪ್ರಮಾಣೀಕರಣ ಯಾವ ಭಾಷೆಯಲ್ಲಿ ನಡೆಯಿತು, ಯಾರನ್ನು ಕೇಳಿ ನಡೆಯಿತು, ಬಂದ ಅಂಕವನ್ನು ಯಾವ ತೀರ್ಮಾನಕ್ಕೆ ಬಳಸಬಹುದು ಎಂಬ ಮೂರು ಪ್ರಶ್ನೆಗಳಲ್ಲಿ ಒಂದಕ್ಕೂ ಆ ವಾಕ್ಯದಲ್ಲಿ ಉತ್ತರವಿಲ್ಲ. ಈ ಬರಹದಲ್ಲಿ ಒಂದೇ ಒಂದು ಸಾಧನವನ್ನು, ಅಂದರೆ ಎಡಿನ್‌ಬರೋ ಪ್ರಸವೋತ್ತರ ಖಿನ್ನತಾ ಮಾಪನಿಯನ್ನು, ಕೈಯಲ್ಲಿ ಹಿಡಿದುಕೊಂಡು ಈ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ಮಾಡಬೇಕೆಂದು ವಿವರಿಸುತ್ತೇನೆ. ಕಾಕ್ಸ್, ಹೋಲ್ಡನ್ ಮತ್ತು ಸಗೋವ್‌ಸ್ಕಿ ಸ್ಕಾಟ್ಲೆಂಡಿನಲ್ಲಿ ರೂಪಿಸಿ 1987ರಲ್ಲಿ ಪ್ರಕಟಿಸಿದ ಈ ಮಾಪನಿಯಲ್ಲಿ 10 ಹೇಳಿಕೆಗಳಿವೆ. ಪ್ರತಿಯೊಂದಕ್ಕೂ 0ಯಿಂದ 3ರವರೆಗೆ ಅಂಕವಿದ್ದು, ಒಟ್ಟು ಅಂಕ 0ಯಿಂದ 30ರವರೆಗೆ ಇರುತ್ತದೆ, ಮತ್ತು ತಾಯಿಯು ಕಳೆದ ಏಳು ದಿನಗಳಲ್ಲಿ ತನಗೆ ಹೇಗನ್ನಿಸಿತು ಎಂಬುದನ್ನು ನೆನೆದು ಉತ್ತರಿಸಬೇಕು.

ಎರಡು ಪದಗಳನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳೋಣ. ಅದೇ ಸ್ಥಿತಿಯಲ್ಲಿರುವ ವ್ಯಕ್ತಿಯನ್ನು ಮತ್ತೆ ಅಳೆದಾಗ ಹೆಚ್ಚುಕಡಿಮೆ ಅದೇ ಅಂಕ ಬರುವುದು ವಿಶ್ವಸನೀಯತೆ. ಆ ಅಂಕಕ್ಕೆ ನಾವು ಕೊಡುವ ಅರ್ಥ ಸರಿಯಾಗಿರುವುದು ಸಿಂಧುತ್ವ, ಬಿ.ಇಡಿ. ಪಠ್ಯಗಳು ಇದನ್ನೇ ಸಪ್ರಮಾಣತೆ ಎನ್ನುತ್ತವೆ. ಒಂದು ತಿಂಗಳ ಕೂಸಿರುವ ತಾಯಿಯನ್ನು "ರಾತ್ರಿ ನಿದ್ದೆ ಕೆಡುತ್ತಿದೆಯೇ?" ಎಂದು ಈ ವಾರ ಕೇಳಿದರೂ ಮುಂದಿನ ವಾರ ಕೇಳಿದರೂ ಹೌದು ಎಂಬ ಉತ್ತರವೇ ಬರುತ್ತದೆ. ಉತ್ತರ ಸ್ಥಿರವಾಗಿದೆ, ಆದರೆ ಅದು ಅಳೆಯುತ್ತಿರುವುದು ಕೂಸಿನ ಅಳುವನ್ನೇ ಹೊರತು ತಾಯಿಯ ದುಃಖವನ್ನಲ್ಲ. ಎಡಿನ್‌ಬರೋ ಮಾಪನಿಯನ್ನು ರೂಪಿಸಿದವರು ಸುಸ್ತು, ಹಸಿವಿಲ್ಲದಿರುವಿಕೆಯಂಥ ದೈಹಿಕ ಲಕ್ಷಣಗಳನ್ನು ಉದ್ದೇಶಪೂರ್ವಕವಾಗಿ ಹೊರಗಿಟ್ಟದ್ದು ಇದೇ ಕಾರಣಕ್ಕೆ. ನಿದ್ದೆಯ ಬಗ್ಗೆ ಇರುವ ಒಂದೇ ಹೇಳಿಕೆಯೂ "ದುಃಖದಿಂದಾಗಿ ನಿದ್ದೆ ಬಾರದಿರುವುದು" ಎಂದು ಕಾರಣವನ್ನು ಸೇರಿಸಿಕೊಂಡೇ ಕೇಳುತ್ತದೆ.

ಬಳಕೆಯನ್ನು ಮೊದಲು ಬರೆದಿಡಿ

"ಈ ಮಾಪನಿ ಸಿಂಧುವೇ?" ಎಂಬ ಪ್ರಶ್ನೆಗೆ ಉತ್ತರವಿಲ್ಲ, ಏಕೆಂದರೆ ಸಿಂಧುತ್ವವು ಕಾಗದದ ಮೇಲಿನ ಪ್ರಶ್ನೆಗಳ ಗುಣವಲ್ಲ. ಇಂಥ ಜನರಿಗೆ, ಇಂಥ ಕೆಲಸಕ್ಕಾಗಿ ಬಳಸಿದಾಗ ಅಂಕದಿಂದ ನಾವು ಮಾಡುವ ತೀರ್ಮಾನಕ್ಕೆ ಎಷ್ಟು ಪುರಾವೆಯಿದೆ ಎಂಬುದೇ ಸಿಂಧುತ್ವ. ಕ್ರೋನ್‌ಬಾಕ್ ಮತ್ತು ಮೀಲ್ 1955ರಲ್ಲಿ ಆರಂಭಿಸಿದ, ಮೆಸಿಕ್ 1989ರಲ್ಲಿ ಒಂದು ಚೌಕಟ್ಟಿಗೆ ತಂದ ಈ ವಿಚಾರವನ್ನೇ ಅಮೆರಿಕದ ಮೂರು ವೃತ್ತಿಪರ ಸಂಘಗಳು ಜಂಟಿಯಾಗಿ ಹೊರತಂದ ಪರೀಕ್ಷಾ ಮಾನದಂಡಗಳ 2014ರ ಆವೃತ್ತಿಯೂ ಒಪ್ಪಿದೆ. ಆದ್ದರಿಂದ ಕೆಲಸ ಶುರುವಾಗುವ ಮೊದಲೇ ಒಂದು ಪುಟದಲ್ಲಿ ಬರೆದಿಡಿ: ಉತ್ತರಿಸುವವರು ಯಾರು, ಹೆರಿಗೆಯಾಗಿ ಎಷ್ಟು ವಾರವಾದವರು, ಪ್ರಶ್ನೆಗಳನ್ನು ಅವರೇ ಓದುತ್ತಾರೋ ಆಶಾ ಕಾರ್ಯಕರ್ತೆ ಓದಿ ಹೇಳುತ್ತಾರೋ, ಮತ್ತು ಬಂದ ಅಂಕದಿಂದ ಏನು ಮಾಡುತ್ತೀರಿ. ವೈದ್ಯರ ಬಳಿಗೆ ಕಳಿಸಬೇಕಾದವರನ್ನು ಗುರುತಿಸುವುದು ಒಂದು ಬಳಕೆ. ಎರಡು ತಾಲ್ಲೂಕುಗಳ ಸರಾಸರಿಯನ್ನು ಹೋಲಿಸುವುದು ಇನ್ನೊಂದು. ಚಿಕಿತ್ಸೆಯ ನಂತರದ ಸುಧಾರಣೆಯನ್ನು ಅಳೆಯುವುದು ಮತ್ತೊಂದು. ಮೂರಕ್ಕೂ ಬೇಕಾಗುವ ಪುರಾವೆ ಬೇರೆ ಬೇರೆ.

ಬಳಿಕ ಈಗಾಗಲೇ ಏನಿದೆ ಎಂದು ಹುಡುಕಿ. ಈ ಮಾಪನಿಯ ಕನ್ನಡ ರೂಪವನ್ನು ಕರ್ನಾಟಕದ ಗ್ರಾಮೀಣ ಗರ್ಭಿಣಿಯರ ನಡುವೆ ಪರೀಕ್ಷಿಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಗಿದೆ. ಗರ್ಭಿಣಿಯರಲ್ಲಿ ದೊರೆತ ಆ ಪುರಾವೆ ಬಾಣಂತಿಯರಿಗೆ ತಾನಾಗಿಯೇ ಅನ್ವಯಿಸುವುದಿಲ್ಲ, ಆದರೆ ಇರುವ ಅನುವಾದದಿಂದ ಆರಂಭಿಸುವುದು ಹೊಸದಾಗಿ ಇನ್ನೊಂದನ್ನು ಸೃಷ್ಟಿಸುವುದಕ್ಕಿಂತ ಯಾವಾಗಲೂ ಮೇಲು. ಒಂದೇ ಮಾಪನಿಯ ನಾಲ್ಕೈದು ಕನ್ನಡ ರೂಪಗಳು ಬೇರೆ ಬೇರೆ ವಿಭಾಗಗಳ ಕಪಾಟಿನಲ್ಲಿ ಕುಳಿತರೆ ಯಾವ ಫಲಿತಾಂಶವನ್ನೂ ಇನ್ನೊಂದರ ಜೊತೆ ಹೋಲಿಸಲಾಗದು. ಮೂಲದ ಹಕ್ಕುಸ್ವಾಮ್ಯ ರಾಯಲ್ ಕಾಲೇಜ್ ಆಫ್ ಸೈಕಿಯಾಟ್ರಿಸ್ಟ್ಸ್ ಬಳಿಯಿದೆ. ಹೊಸ ಅನುವಾದಕ್ಕೆ ಕೈಹಾಕುವ ಮುನ್ನ ಹಕ್ಕುದಾರರಿಗೆ ಬರೆದು ಕೇಳಿ.

ಅನುವಾದ

ಕನ್ನಡವೇ ಮನೆಮಾತಾಗಿರುವ ಇಬ್ಬರು ಪರಸ್ಪರ ಚರ್ಚಿಸದೆ ಬೇರೆ ಬೇರೆಯಾಗಿ ಅನುವಾದಿಸಲಿ. ಅವರಲ್ಲಿ ಒಬ್ಬರು ವಿಷಯ ಬಲ್ಲವರಾಗಿರಲಿ, ಇನ್ನೊಬ್ಬರು ಬಲ್ಲವರಾಗಿರದಿರಲಿ, ಏಕೆಂದರೆ ವಿಷಯ ಬಲ್ಲವರ ಕೈಗೆ "ಖಿನ್ನತೆ", "ಉದ್ವೇಗ", "ಆತಂಕ" ಎಂಬ ಪುಸ್ತಕದ ಪದಗಳು ಮೊದಲು ಸಿಗುತ್ತವೆ. ಎರಡನ್ನೂ ಕೂಡಿಸಿ ಒಂದು ಕರಡು ಮಾಡಿದ ಮೇಲೆ, ಮೂಲವನ್ನು ನೋಡಿರದ ಮೂರನೆಯವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸುತ್ತಾರೆ. ಬ್ರಿಸ್ಲಿನ್ 1970ರಲ್ಲಿ ಪ್ರಚುರಪಡಿಸಿದ ಈ ಹಿಮ್ಮುಖ ಅನುವಾದದ ಮೇಲೆ ನಮ್ಮಲ್ಲಿ ಅತಿಯಾದ ನಂಬಿಕೆಯಿದೆ ಎಂಬುದು ನನ್ನ ಅಭಿಪ್ರಾಯ. ಎಡಿನ್‌ಬರೋ ಮಾಪನಿಯ ಆರನೆಯ ಹೇಳಿಕೆಯು ಕೆಲಸ, ಜವಾಬ್ದಾರಿಗಳನ್ನು ನಿಭಾಯಿಸಲಾಗದೆ ಸೋಲುತ್ತಿರುವ ಭಾವವನ್ನು ಕುರಿತದ್ದು. ಇಂಗ್ಲಿಷಿನಲ್ಲಿ ಅದನ್ನು ಒಂದು ನುಡಿಗಟ್ಟಿನಲ್ಲಿ ಹೇಳಲಾಗಿದೆ. ಅದನ್ನು ಪದಕ್ಕೆ ಪದವಿಟ್ಟು "ಎಲ್ಲವೂ ನನ್ನ ಮೇಲೆ ಬರುತ್ತಿದೆ" ಎಂದು ಬರೆದರೆ, ಹಿಮ್ಮುಖ ಅನುವಾದದಲ್ಲಿ ಮೂಲದ ವಾಕ್ಯವೇ ಚೊಕ್ಕವಾಗಿ ಮರಳಿ ಬರುತ್ತದೆ, ಸಮಿತಿಗೆ ಸಮಾಧಾನವೂ ಆಗುತ್ತದೆ. ಆದರೆ ಊರಿನ ಹೆಣ್ಣುಮಗಳ ಕಿವಿಯಲ್ಲಿ ಅದು ದೇವರು ಮೈಮೇಲೆ ಬರುವ ಮಾತಿಗೆ ಹತ್ತಿರವಾಗಿ ಕೇಳಿಸಬಹುದು. "ಎಲ್ಲವೂ ಕೈಮೀರಿ ಹೋಗುತ್ತಿದೆ ಅನ್ನಿಸಿದೆ" ಎಂಬುದು ಅರ್ಥಕ್ಕೆ ನಿಷ್ಠವಾದರೂ ಹಿಮ್ಮುಖ ಅನುವಾದದಲ್ಲಿ ಮೂಲಕ್ಕಿಂತ ಬೇರೆಯಾಗಿ ಕಾಣುತ್ತದೆ. ಹಿಮ್ಮುಖ ಅನುವಾದ ಪದ ಬಿಟ್ಟುಹೋದದ್ದನ್ನು ಹಿಡಿಯುತ್ತದೆ. ಅರ್ಥ ತಪ್ಪಿದ್ದನ್ನು ಹಿಡಿಯುವುದು ಮುಂದಿನ ಹಂತಗಳು.

ಕನ್ನಡದ್ದೇ ಆದ ಎರಡು ತೊಡಕುಗಳನ್ನು ಇಲ್ಲಿಯೇ ಬಗೆಹರಿಸಿಕೊಳ್ಳಿ. ಮೂಲದ ಬಹುತೇಕ ಹೇಳಿಕೆಗಳು "ನಾನು" ಎಂದು ಆರಂಭವಾಗುತ್ತವೆ. ತಾಯಿ ತಾನೇ ಓದುವಾಗ ಇದು ಸರಿ, ಆದರೆ ಕಾರ್ಯಕರ್ತೆ ಎದುರು ಕುಳಿತು "ನಾನು ಸುಮ್ಮಸುಮ್ಮನೆ ನನ್ನನ್ನೇ ದೂಷಿಸಿಕೊಂಡಿದ್ದೇನೆ" ಎಂದು ಓದಿದರೆ ಯಾರ ಮಾತು ಯಾರದೆಂದು ಗೊಂದಲವಾಗುತ್ತದೆ. ಓದಿ ಹೇಳುವ ರೂಪವನ್ನು "ನೀವು" ಎಂದು ಬದಲಿಸಬೇಕು, ಮತ್ತು ಬದಲಿಸಿದ್ದನ್ನು ಬೇರೆ ಸಾಧನವೆಂದೇ ಪರಿಗಣಿಸಿ ಪರೀಕ್ಷಿಸಬೇಕು. ಎರಡನೆಯದು ನಿಷೇಧದ ವಾಕ್ಯ. "ನಗಲು ಆಗುತ್ತಿಲ್ಲವೇ?" ಎಂಬ ಪ್ರಶ್ನೆಗೆ ಬರುವ "ಇಲ್ಲ" ಎಂಬ ಉತ್ತರ ನಗಲು ಆಗುತ್ತಿಲ್ಲ ಎಂದೋ, ಹಾಗೇನಿಲ್ಲ ಎಂದೋ ತಿಳಿಯುವುದಿಲ್ಲ. ಈ ಮಾಪನಿಯಲ್ಲಿ 1, 2 ಮತ್ತು 4ನೆಯ ಹೇಳಿಕೆಗಳ ಉತ್ತರಗಳಿಗೆ ಮೇಲಿನಿಂದ ಕೆಳಕ್ಕೆ 0, 1, 2, 3 ಎಂದೂ, ಉಳಿದ ಏಳಕ್ಕೆ 3, 2, 1, 0 ಎಂದೂ ಅಂಕ ಕೊಡುವುದರಿಂದ, ಇಂಥ ಒಂದು ಗೊಂದಲ ಅಂಕವನ್ನು ಪೂರ್ತಿ ತಲೆಕೆಳಗು ಮಾಡಬಲ್ಲದು.

ತಜ್ಞರ ಮೌಲ್ಯಮಾಪನ

ಕರಡನ್ನು ಎಂಟು ಹತ್ತು ಮಂದಿ ತಜ್ಞರಿಗೆ ಕೊಟ್ಟು, ಪ್ರತಿ ಹೇಳಿಕೆಯೂ ಅತ್ಯಗತ್ಯವೇ ಎಂದು ಕೇಳಿ. ಲಾಶೆ 1975ರಲ್ಲಿ ಕೊಟ್ಟ ಸೂತ್ರ ಸರಳ: ಅತ್ಯಗತ್ಯ ಎಂದವರ ಸಂಖ್ಯೆಯಿಂದ ತಜ್ಞರ ಒಟ್ಟು ಸಂಖ್ಯೆಯ ಅರ್ಧವನ್ನು ಕಳೆದು, ಅದೇ ಅರ್ಧದಿಂದ ಭಾಗಿಸಬೇಕು. ಹತ್ತರಲ್ಲಿ ಒಂಬತ್ತು ಮಂದಿ ಒಪ್ಪಿದರೆ 4ನ್ನು 5ರಿಂದ ಭಾಗಿಸಿ 0.80 ಬರುತ್ತದೆ, ಹತ್ತು ತಜ್ಞರಿದ್ದಾಗ ಲಾಶೆಯವರ ಪಟ್ಟಿಯ ಪ್ರಕಾರ ಕನಿಷ್ಠ 0.62 ಇರಬೇಕು. ತಜ್ಞರೆಂದರೆ ಪ್ರಾಧ್ಯಾಪಕರು ಮತ್ತು ಮನೋವೈದ್ಯರು ಮಾತ್ರವೆಂದು ತಿಳಿಯಬೇಡಿ. ಇಪ್ಪತ್ತು ವರ್ಷ ಹೆರಿಗೆ ಮಾಡಿಸಿದ ಸ್ಟಾಫ್ ನರ್ಸ್, ಮನೆಮನೆಗೆ ಹೋಗುವ ಆಶಾ, ಸ್ವತಃ ಈ ಸ್ಥಿತಿಯನ್ನು ದಾಟಿಬಂದ ತಾಯಿ ಇವರೆಲ್ಲ ಆ ಮೇಜಿನ ಸುತ್ತ ಇರಬೇಕಾದವರು.

ಉತ್ತರಿಸುವವರ ಬಾಯಿಂದಲೇ ಕೇಳುವುದು

ಇಡೀ ಪ್ರಕ್ರಿಯೆಯಲ್ಲಿ ಅತಿ ಕಡಿಮೆ ಖರ್ಚಿನ, ಅತಿ ಹೆಚ್ಚು ಫಲ ಕೊಡುವ ಮತ್ತು ಅತಿ ಹೆಚ್ಚು ಬಾರಿ ಕೈಬಿಡಲಾಗುವ ಹಂತ ಇದು. ಹತ್ತರಿಂದ ಹದಿನೈದು ತಾಯಂದಿರ ಜೊತೆ ಒಬ್ಬೊಬ್ಬರಾಗಿ ಕುಳಿತು, ಪ್ರತಿ ಹೇಳಿಕೆಯನ್ನು ಓದಿದ ಮೇಲೆ ಉತ್ತರವನ್ನು ಮಾತ್ರವಲ್ಲದೆ ಆ ಉತ್ತರಕ್ಕೆ ಬಂದ ದಾರಿಯನ್ನೂ ಕೇಳಬೇಕು. "ಇದು ಏನನ್ನು ಕೇಳುತ್ತಿದೆ ಅಂತ ನಿಮಗೆ ಅನ್ನಿಸಿತು? ನಿಮ್ಮ ಮಾತಿನಲ್ಲಿ ಹೇಳಿ", "ಯಾವ ದಿನದ್ದು ನೆನಪಾಯಿತು?", "ಇದಕ್ಕೂ ಅದಕ್ಕೂ ನಡುವೆ ಯಾಕೆ ಇದನ್ನೇ ಆರಿಸಿದಿರಿ?" ಎಂಬ ಮೂರು ಪ್ರಶ್ನೆಗಳು ಸಾಕು. ತಿದ್ದುಪಡಿ ಮಾಡಿ, ಬೇರೆ ತಾಯಂದಿರ ಜೊತೆ ಇನ್ನೊಂದು ಸುತ್ತು ಕೂರಬೇಕು.

ಕನ್ನಡದ ಪ್ರಾದೇಶಿಕ ಭೇದಗಳು ಇಲ್ಲಿ ತಮ್ಮ ಇರವನ್ನು ತೋರಿಸುತ್ತವೆ. "ಕಾಳಜಿ" ಎಂದರೆ ಮೈಸೂರಿನ ಕಡೆ ಪ್ರೀತಿಯ ಆರೈಕೆ. ಧಾರವಾಡ, ಬೆಳಗಾವಿಯ ಕಡೆ "ಕಾಳಜಿ ಮಾಡಬ್ಯಾಡ" ಎಂದರೆ ಚಿಂತಿಸಬೇಡ ಎಂದು. ಹಾಗಾಗಿ ಆ ಪದವಿರುವ ಪ್ರಶ್ನೆ ಒಂದು ಕಡೆ ಒಳ್ಳೆಯ ತಾಯ್ತನವನ್ನೂ ಇನ್ನೊಂದು ಕಡೆ ಆತಂಕವನ್ನೂ ಅಳೆಯುತ್ತದೆ. "ಬೇಜಾರು" ಎಂಬುದು ಹೊತ್ತುಹೋಗದಿರುವಿಕೆಯನ್ನೂ ಮನಸ್ಸಿಗಾದ ನೋವನ್ನೂ ದುಃಖವನ್ನೂ ಸೂಚಿಸಬಲ್ಲದು. "ಸಂಕಟ" ಎಂದಾಗ ಕೆಲವರು ಹೊಟ್ಟೆಯ ಮೇಲೆ ಕೈಯಿಡುತ್ತಾರೆ. ಐದನೆಯ ಹೇಳಿಕೆಯ ದಿಗಿಲಿನ ಭಾವಕ್ಕೆ "ಗಾಬರಿ" ಎಂಬ ಪದವನ್ನು ಎಲ್ಲ ಕಡೆಯವರೂ ಬಹುಮಟ್ಟಿಗೆ ಒಂದೇ ಅರ್ಥದಲ್ಲಿ ಗ್ರಹಿಸುತ್ತಾರೆ. ಅಂಥ ಪದ ಸಿಕ್ಕರೆ ಅದನ್ನು ಬಿಡಬೇಡಿ. ಎಲ್ಲ ಕಡೆಗೂ ಒಪ್ಪುವ ಪದ ಸಿಗದಿದ್ದರೆ, ಮೂಲ ಪಠ್ಯದ ಪಕ್ಕದಲ್ಲಿ ಆಯಾ ಪ್ರದೇಶಕ್ಕೆ ಒಪ್ಪಿತವಾದ ಪರ್ಯಾಯ ಪದವನ್ನು ಮುದ್ರಿಸಿಕೊಡುವುದು, ಸಂದರ್ಶಕರು ತಮಗೆ ತೋಚಿದ್ದನ್ನು ಹೇಳಲು ಬಿಡುವುದಕ್ಕಿಂತ ಒಳ್ಳೆಯದು.

"ಕಳೆದ ಏಳು ದಿನ" ಎಂಬ ಅವಧಿಯೂ ಪರೀಕ್ಷೆಗೆ ಒಳಗಾಗಲಿ. ಕೂಸಿನ ಜೊತೆ ಹಗಲು ರಾತ್ರಿ ಒಂದಾಗಿರುವ ತಾಯಿಗೆ ಏಳು ದಿನದ ಲೆಕ್ಕ ಸಿಗದಿರಬಹುದು. "ಹೋದ ಸಂತೆಯಿಂದ ಈಚೆಗೆ" ಎಂದರೆ ವಾರದ ಸಂತೆ ನಡೆಯುವ ಊರುಗಳಲ್ಲಿ ತಟ್ಟನೆ ಹೊಳೆಯುತ್ತದೆ. ಉತ್ತರದ ನಾಲ್ಕು ಆಯ್ಕೆಗಳ ನಡುವಿನ ಅಂತರ ಬಾಯಲ್ಲಿ ಹೇಳಿದಾಗ ಮಸುಕಾಗುವುದಾದರೆ, ಖಾಲಿಯಿಂದ ತುಂಬಿದವರೆಗೆ ನಾಲ್ಕು ಲೋಟಗಳ ಚಿತ್ರವಿರುವ ಚೀಟಿಯನ್ನು ಕೈಗೆ ಕೊಡಬಹುದು. ಅದನ್ನು ಕೊಟ್ಟಿದ್ದೀರೆಂದು ವರದಿಯಲ್ಲಿ ಬರೆಯುವುದು ಕಡ್ಡಾಯ.

ಕ್ಷೇತ್ರಕಾರ್ಯ

ನಮ್ಮಲ್ಲಿ ಬಾಣಂತನಕ್ಕೆ ತವರಿಗೆ ಹೋಗುವ ರೂಢಿ ಇರುವುದರಿಂದ, ಗಂಡನ ಮನೆಯ ವಿಳಾಸ ಹಿಡಿದು ಹೊರಟರೆ ಸಿಗುವವರು ತವರಿಗೆ ಹೋಗದ ಅಥವಾ ಹೋಗಲಾಗದ ತಾಯಂದಿರು ಮಾತ್ರ. ಅವರ ಪರಿಸ್ಥಿತಿ ಉಳಿದವರದಕ್ಕಿಂತ ಬೇರೆ. ಕೂಸಿಗೆ 6, 10 ಮತ್ತು 14 ವಾರಗಳಲ್ಲಿ ಲಸಿಕೆ ಹಾಕಿಸುವ ದಿನ, ತಾಯಿ ಎಲ್ಲಿ ಬರುತ್ತಾಳೋ ಅಲ್ಲಿ ಭೇಟಿಯಾಗುವುದು ಹೆಚ್ಚು ಸರಿಯಾದ ಮಾದರಿಯನ್ನು ಕೊಡುತ್ತದೆ. ಆಕೆಯ ಅತ್ತೆಯೋ ಹೆತ್ತಮ್ಮನೋ ಪಕ್ಕದಲ್ಲಿ ಕುಳಿತಿರುವಾಗ ಪಡೆದ ಉತ್ತರವನ್ನು ಉತ್ತರವೆಂದು ಎಣಿಸಬೇಡಿ. ಏಕಾಂತ ಸಿಗದಿದ್ದರೆ ಇನ್ನೊಂದು ದಿನ ಹೋಗಿ.

ಹತ್ತನೆಯ ಹೇಳಿಕೆ ತನಗೆ ತಾನೇ ಅಪಾಯ ಮಾಡಿಕೊಳ್ಳುವ ಯೋಚನೆಯ ಬಗ್ಗೆ ಇದೆ. ಅದಕ್ಕೆ 0 ಅಲ್ಲದ ಯಾವ ಉತ್ತರ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಅದೇ ದಿನ ಆ ತಾಯಿಯೊಡನೆ ತರಬೇತಾದವರು ಮಾತನಾಡುವ, ಅಗತ್ಯವಿದ್ದರೆ ವೈದ್ಯರ ಬಳಿಗೆ ಕರೆದೊಯ್ಯುವ ವ್ಯವಸ್ಥೆ ಮೊದಲೇ ಸಿದ್ಧವಿರಬೇಕು. ಟೆಲಿ ಮಾನಸ್ ಸಹಾಯವಾಣಿ 14416 ಕನ್ನಡದಲ್ಲಿಯೂ ದೊರೆಯುತ್ತದೆ. ಆ ಸಂಖ್ಯೆಯನ್ನು ಎಲ್ಲರಿಗೂ ಕೊಡಿ, ಆದರೆ ಸಂಖ್ಯೆ ಕೊಡುವುದೇ ವ್ಯವಸ್ಥೆಯಲ್ಲ. ನೈತಿಕ ಸಮಿತಿಯ ಮುಂದಿಡುವ ಅರ್ಜಿಯಲ್ಲಿ ಈ ಭಾಗವನ್ನು ಹೆಸರು, ಜವಾಬ್ದಾರಿಗಳ ಸಮೇತ ಬರೆಯಿರಿ. ಇದಿಲ್ಲದೆ ಈ ಪ್ರಶ್ನೆಯನ್ನು ಕೇಳುವ ಹಕ್ಕು ಸಂಶೋಧಕರಿಗಿಲ್ಲ.

ಒಳರಚನೆ ಮತ್ತು ಆಲ್ಫಾ

ಕನಿಷ್ಠ 200ರಿಂದ 300 ಉತ್ತರಗಳು ಬಂದ ಮೇಲೆ, ಹತ್ತು ಹೇಳಿಕೆಗಳು ನಿಜಕ್ಕೂ ಒಂದೇ ಸಂಗತಿಯನ್ನು ಅಳೆಯುತ್ತಿವೆಯೇ ಎಂದು ಫ್ಯಾಕ್ಟರ್ ವಿಶ್ಲೇಷಣೆಯಿಂದ ನೋಡಬೇಕು. ಒಟ್ಟಿಗೆ ಏರಿಳಿಯುವ ಹೇಳಿಕೆಗಳ ಹಿಂದಿರುವ ಸಮಾನ ಅಂಶವೇ ಫ್ಯಾಕ್ಟರ್. ಎಷ್ಟು ಫ್ಯಾಕ್ಟರ್‌ಗಳೆಂದು ನಿರ್ಧರಿಸಲು ಐಗನ್ ಮೌಲ್ಯ (ಒಂದು ಫ್ಯಾಕ್ಟರ್ ಉತ್ತರಗಳ ವ್ಯತ್ಯಾಸವನ್ನು ಎಷ್ಟು ವಿವರಿಸುತ್ತದೆಂಬ ಸಂಖ್ಯೆ) 1ಕ್ಕಿಂತ ಹೆಚ್ಚಿರಬೇಕೆಂಬ ಕೈಸರ್ ನಿಯಮವನ್ನು ಕಣ್ಣುಮುಚ್ಚಿ ಅನುಸರಿಸಬೇಡಿ, ಅದು ಅನೇಕ ಬಾರಿ ಇಲ್ಲದ ಫ್ಯಾಕ್ಟರ್‌ಗಳನ್ನು ತೋರಿಸುತ್ತದೆ. ಹಾರ್ನ್ 1965ರಲ್ಲಿ ಸೂಚಿಸಿದ, ಯಾದೃಚ್ಛಿಕ ಅಂಕಿಗಳೊಡನೆ ಹೋಲಿಸಿ ನೋಡುವ ಸಮಾನಾಂತರ ವಿಶ್ಲೇಷಣೆ ಹೆಚ್ಚು ನಂಬಲರ್ಹ. ಈ ಮಾಪನಿಯಲ್ಲಿ 3, 4 ಮತ್ತು 5ನೆಯ ಹೇಳಿಕೆಗಳು ಆತಂಕದ ಉಪಗುಂಪಾಗಿ ಒಟ್ಟುಗೂಡುವುದನ್ನು ಹಲವು ದೇಶಗಳ ಅಧ್ಯಯನಗಳು ಕಂಡಿವೆ, ಆದ್ದರಿಂದ ಆ ರಚನೆಯನ್ನು ಮೊದಲೇ ಊಹೆಯಾಗಿಟ್ಟುಕೊಂಡು ದೃಢೀಕರಣ ವಿಶ್ಲೇಷಣೆ ಮಾಡಬಹುದು. ಹುಡುಕಾಟಕ್ಕೆ ಬಳಸಿದ ಉತ್ತರಗಳ ಮೇಲೆಯೇ ದೃಢೀಕರಣವನ್ನೂ ಮಾಡಿದರೆ ಅದು ದೃಢೀಕರಣವಲ್ಲ. ಉತ್ತರಗಳು ನಾಲ್ಕೇ ಮೆಟ್ಟಿಲಿನವಾದ್ದರಿಂದ ಸಾಮಾನ್ಯ ಸಹಸಂಬಂಧದ (ಎರಡು ಸಂಗತಿಗಳು ಜೊತೆಯಾಗಿ ಏರಿಳಿಯುವ ಪ್ರಮಾಣದ) ಬದಲು, ಮೆಟ್ಟಿಲು ಮೆಟ್ಟಿಲಾದ ಉತ್ತರಗಳಿಗೆಂದೇ ಇರುವ ಪಾಲಿಕೋರಿಕ್ ಸಹಸಂಬಂಧವನ್ನು ಬಳಸಿ. ಇದೆಲ್ಲವೂ ಆರ್ ಎಂಬ ಉಚಿತ ತಂತ್ರಾಂಶದಲ್ಲಿ ಸಾಧ್ಯ.

ಆಲ್ಫಾ ಕುರಿತು ಒಂದು ಲೆಕ್ಕ. ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ 0.30 ಇದ್ದು 10 ಹೇಳಿಕೆಗಳಿದ್ದರೆ ಆಲ್ಫಾ ಸುಮಾರು 0.81 ಬರುತ್ತದೆ. ಸಹಸಂಬಂಧ ಕೇವಲ 0.10, ಅಂದರೆ ಒಂದಕ್ಕೊಂದು ಹೆಚ್ಚುಕಡಿಮೆ ಸಂಬಂಧವೇ ಇಲ್ಲದ 40 ಹೇಳಿಕೆಗಳನ್ನು ಪೇರಿಸಿದರೂ ಆಲ್ಫಾ 0.82 ಆಗುತ್ತದೆ. ಆರಂಭದಲ್ಲಿ ಹೇಳಿದ ಆ ವಾಕ್ಯದ ಟೊಳ್ಳು ಇರುವುದು ಇಲ್ಲಿ. ಆಲ್ಫಾದ ಜೊತೆಗೆ ವಿಶ್ವಸನೀಯತೆಯ ಇನ್ನೊಂದು ಅಳತೆಯಾದ ಮ್ಯಾಕ್‌ಡೊನಾಲ್ಡ್ ಒಮೆಗಾವನ್ನೂ, ಪ್ರತಿ ಹೇಳಿಕೆಯು ಉಳಿದವುಗಳ ಮೊತ್ತದೊಡನೆ ಹೊಂದಿರುವ ಸಹಸಂಬಂಧವನ್ನೂ ಕೊಡಿ.

ಮರುಪರೀಕ್ಷೆ

ಕೆಲವು ತಾಯಂದಿರನ್ನು ಎರಡನೆಯ ಬಾರಿ ಕೇಳಬೇಕು. ಅಂತರ ತೀರಾ ಕಡಿಮೆಯಾದರೆ ಹಿಂದಿನ ಉತ್ತರವೇ ನೆನಪಿರುತ್ತದೆ, ಹೆಚ್ಚಾದರೆ ಮನಸ್ಥಿತಿಯೇ ಬದಲಾಗಿರುತ್ತದೆ. ಈ ಮಾಪನಿಗೆ ನಾಲ್ಕರಿಂದ ಏಳು ದಿನ ಒಪ್ಪುತ್ತದೆಂದು ನನಗೆ ತೋರುತ್ತದೆ. ಪಿಯರ್ಸನ್ ಸಹಸಂಬಂಧ ಸಾಲದು, ಏಕೆಂದರೆ ಎರಡನೆಯ ಬಾರಿ ಎಲ್ಲರ ಅಂಕವೂ 3 ಹೆಚ್ಚಾದರೂ ಅದು 1 ಎಂದೇ ತೋರಿಸುತ್ತದೆ. ಅಂಥ ವ್ಯತ್ಯಾಸವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಒಳವರ್ಗ ಸಹಸಂಬಂಧವನ್ನು ಬಳಸಿ. ಅದರಿಂದ ಮಾಪನ ದೋಷವನ್ನೂ ಕಂಡುಹಿಡಿಯಿರಿ: ಮಾನಕ ವಿಚಲನೆ (ಅಂಕಗಳು ಸರಾಸರಿಯಿಂದ ಚದುರಿರುವ ಪ್ರಮಾಣ) 5, ವಿಶ್ವಸನೀಯತೆ 0.84 ಇದ್ದರೆ ದೋಷ 2 ಅಂಕ. ಅಂದರೆ, ದೋಷದ ಎರಡರಷ್ಟನ್ನು ಆಚೀಚೆ ಹಿಡಿದರೆ, 12 ಅಂಕ ಪಡೆದ ತಾಯಿಯ ನಿಜವಾದ ಅಂಕ ಸುಮಾರು 8ರಿಂದ 16ರ ನಡುವೆ ಎಲ್ಲಿಯಾದರೂ ಇರಬಹುದು. ಗೆರೆಯ, ಅಂದರೆ ವೈದ್ಯರ ಬಳಿಗೆ ಕಳಿಸಲು ಗೊತ್ತುಮಾಡಿಕೊಂಡ ಅಂಕದ, ಈಚೆ 12, ಆಚೆ 13 ಎಂದು ಇಬ್ಬರನ್ನು ಬೇರ್ಪಡಿಸುವಾಗ ಈ ಸಂಖ್ಯೆ ಕಣ್ಣೆದುರಿಗಿರಲಿ.

ಹೊರಗಿನ ಪುರಾವೆ

ಕ್ಯಾಂಪ್‌ಬೆಲ್ ಮತ್ತು ಫಿಸ್ಕ್ 1959ರಲ್ಲಿ ತೋರಿಸಿಕೊಟ್ಟಂತೆ, ಒಳ್ಳೆಯ ಮಾಪನಿ ತನಗೆ ಹತ್ತಿರವಾದವುಗಳ ಜೊತೆ ಕೂಡಬೇಕು, ದೂರದವುಗಳಿಂದ ಬೇರೆಯಾಗಿಯೂ ನಿಲ್ಲಬೇಕು. ಖಿನ್ನತೆಯ ಇನ್ನೊಂದು ಮಾಪನಿಯ ಜೊತೆಗೆ ಎಷ್ಟು, ಬರಿಯ ದೈಹಿಕ ಆಯಾಸದ ಜೊತೆಗೆ ಎಷ್ಟು ಸಹಸಂಬಂಧ ನಿರೀಕ್ಷಿಸುತ್ತೀರೆಂದು ಉತ್ತರ ಸಂಗ್ರಹಿಸುವ ಮುನ್ನವೇ ಬರೆದಿಡಿ. ಬಂದ ಸಂಖ್ಯೆ ನೋಡಿ ವಿವರಣೆ ಕಟ್ಟುವುದು ಸುಲಭ, ಆದರೆ ಅದು ಪುರಾವೆಯಾಗುವುದಿಲ್ಲ.

ಚಿಕಿತ್ಸೆಗೆ ಕಳಿಸುವವರನ್ನು ಗುರುತಿಸುವುದು ಉದ್ದೇಶವಾಗಿದ್ದರೆ, ಅಂಕವನ್ನು ತಿಳಿಯದ ಮನೋವೈದ್ಯರೊಬ್ಬರು ನಿಗದಿತ ಪ್ರಶ್ನಾಕ್ರಮದ ರಚನಾತ್ಮಕ ಸಂದರ್ಶನ ನಡೆಸಿ ರೋಗನಿರ್ಣಯ ಮಾಡಬೇಕು, ಮತ್ತು ಹೆಚ್ಚು ಅಂಕದವರನ್ನು ಮಾತ್ರವಲ್ಲದೆ ಕಡಿಮೆ ಅಂಕದವರಲ್ಲಿಯೂ ಒಂದು ಪಾಲನ್ನು ಸಂದರ್ಶಿಸಬೇಕು. ಇಲ್ಲದಿದ್ದರೆ ಮಾಪನಿ ಎಷ್ಟು ಮಂದಿಯನ್ನು ಕೈಬಿಟ್ಟಿತು ಎಂಬುದು ತಿಳಿಯುವುದೇ ಇಲ್ಲ. 1987ರ ಮೂಲ ಅಧ್ಯಯನದಲ್ಲಿ 84 ತಾಯಂದಿರಿದ್ದರು. ಖಿನ್ನತೆ ಇದ್ದವರಲ್ಲಿ 86%ರಷ್ಟು ಮಂದಿಯನ್ನು ಮಾಪನಿ ಸರಿಯಾಗಿ ಗುರುತಿಸಿತು, ಇಲ್ಲದವರಲ್ಲಿ 78%ರಷ್ಟು ಮಂದಿಯನ್ನು ಸರಿಯಾಗಿ ಹೊರಗಿಟ್ಟಿತು, ಮತ್ತು ಮಾಪನಿ ಎತ್ತಿಹಿಡಿದವರಲ್ಲಿ 73%ರಷ್ಟು ಮಂದಿಗೆ ನಿಜಕ್ಕೂ ಖಿನ್ನತೆಯಿತ್ತು. ಈ ಕೊನೆಯ ಸಂಖ್ಯೆಯನ್ನು ನಮ್ಮ ತಾಲ್ಲೂಕಿಗೆ ಎತ್ತಿ ತರಲಾಗದು. 1000 ತಾಯಂದಿರಲ್ಲಿ 100 ಮಂದಿಗೆ ಖಿನ್ನತೆಯಿದೆ ಎಂದು ಊಹಿಸಿಕೊಳ್ಳಿ. ಮಾಪನಿ 86 ಮಂದಿಯನ್ನು ಸರಿಯಾಗಿ ಹಿಡಿಯುತ್ತದೆ; ಉಳಿದ 900ರಲ್ಲಿ 198 ಮಂದಿಯನ್ನು ತಪ್ಪಾಗಿ ಹಿಡಿಯುತ್ತದೆ. ಒಟ್ಟು 284ರಲ್ಲಿ 86, ಅಂದರೆ ಸುಮಾರು 30%. ಮೂಲ ಅಧ್ಯಯನದಲ್ಲಿ ಖಿನ್ನತೆ ಇದ್ದವರ ಪಾಲು ದೊಡ್ಡದಿತ್ತು ಎಂಬುದೊಂದೇ ಈ ವ್ಯತ್ಯಾಸಕ್ಕೆ ಕಾರಣ. ತಾಲ್ಲೂಕಿಗೆ ಒಬ್ಬ ಮನೋವೈದ್ಯರೂ ಇಲ್ಲದಿರುವಲ್ಲಿ ಹತ್ತರಲ್ಲಿ ಏಳು ಮಂದಿಯನ್ನು ಅನಗತ್ಯವಾಗಿ ಕಳಿಸುವ ಗೆರೆಯನ್ನು ಆರಿಸಬೇಕೇ, ಅಥವಾ ಗೆರೆಯನ್ನು ಮೇಲೇರಿಸಿ ಕೆಲವರನ್ನು ಕೈಬಿಡಬೇಕೇ ಎಂಬುದನ್ನು ಸಂಖ್ಯಾಶಾಸ್ತ್ರ ತೀರ್ಮಾನಿಸಲಾರದು. ಸಂಶೋಧಕರು ಆ ಎರಡು ಬಗೆಯ ನಷ್ಟಗಳನ್ನೂ ಅಂಕಿಗಳಲ್ಲಿ ಮುಂದಿಟ್ಟು, ಆರೋಗ್ಯ ಇಲಾಖೆಯವರೊಡನೆ ಕುಳಿತು ನಿರ್ಧರಿಸಬೇಕು. ರೋಗನಿರ್ಣಯವಾದವರ ಸಂಖ್ಯೆ ಚಿಕ್ಕದಿದ್ದಾಗ ಶೇಕಡಾವಾರುಗಳು ಎಷ್ಟು ಅಲುಗಾಡುತ್ತವೆ ಎಂಬುದನ್ನೂ ಮರೆಯಬಾರದು: 35 ಮಂದಿಯಲ್ಲಿ 30 ಮಂದಿಯನ್ನು ಗುರುತಿಸಿದರೆ 86% ಆದರೂ, ಅದರ ವಿಶ್ವಾಸ ವ್ಯಾಪ್ತಿ (ನಿಜವಾದ ಪ್ರಮಾಣ ಇರಬಹುದಾದ ಮಿತಿ) ಸುಮಾರು 71%ರಿಂದ 94%ರವರೆಗೆ ಹರಡಿರುತ್ತದೆ.

ಗುಂಪುಗಳನ್ನು ಹೋಲಿಸುವ ಮುನ್ನ

ಕಲಬುರಗಿಯ ಸರಾಸರಿ ಮಂಡ್ಯದ್ದಕ್ಕಿಂತ 2 ಅಂಕ ಹೆಚ್ಚು ಎಂದು ಬರೆಯುವ ಮೊದಲು, ಎರಡೂ ಕಡೆ ಹೇಳಿಕೆಗಳು ಒಂದೇ ರೀತಿ ಕೆಲಸ ಮಾಡುತ್ತಿವೆ ಎಂದು ತೋರಿಸಬೇಕು. ಫ್ಯಾಕ್ಟರ್ ರಚನೆ ಒಂದೇ ಇದೆಯೇ, ಹೇಳಿಕೆಗಳ ತೂಕ ಒಂದೇ ಇದೆಯೇ, ಅಷ್ಟೇ ಖಿನ್ನತೆಯಿರುವ ಇಬ್ಬರು ಎರಡೂ ಕಡೆ ಅದೇ ಉತ್ತರವನ್ನು ಆರಿಸುತ್ತಾರೆಯೇ ಎಂದು ಮೂರು ಮೆಟ್ಟಿಲುಗಳಲ್ಲಿ ಪರೀಕ್ಷಿಸಲಾಗುತ್ತದೆ. ಮೂರನೆಯದು ಸೋತರೆ ಸರಾಸರಿಗಳ ಹೋಲಿಕೆಗೆ ಅರ್ಥವಿಲ್ಲ. ಯಾವ ಹೇಳಿಕೆಯಿಂದ ಸೋತಿತೆಂದು ಹುಡುಕಿದರೆ, ಹಲವು ಸಲ ತಾಯಂದಿರ ಜೊತೆಗಿನ ಮಾತುಕತೆಯಲ್ಲಿ ಕೇಳಿಸಿಕೊಂಡಿದ್ದ ಯಾವುದೋ ಒಂದು ಪದದ ಬಳಿಗೇ ಮರಳಿ ಬಂದು ನಿಲ್ಲುತ್ತೇವೆ. ಓದು ಬಲ್ಲವರು ಮತ್ತು ಕೇಳಿ ಉತ್ತರಿಸಿದವರ ನಡುವೆಯೂ ಇದೇ ಪರೀಕ್ಷೆ ನಡೆಯಲಿ.

ವರದಿ

ವರದಿಯಲ್ಲಿ ಕನ್ನಡ ಪಠ್ಯವನ್ನು, ಹಕ್ಕುದಾರರು ಒಪ್ಪಿದರೆ, ಪೂರ್ತಿಯಾಗಿ ಮುದ್ರಿಸಿ. ಅಂಕ ಕೊಡುವ ಕ್ರಮ, ಓದಿ ಹೇಳುವವರಿಗೆ ಕೊಟ್ಟ ಸೂಚನೆ, ಪ್ರದೇಶವಾರು ಪರ್ಯಾಯ ಪದಗಳು, ಕೈಬಿಟ್ಟ ಪದಗಳು ಮತ್ತು ಕೈಬಿಡಲು ಕಾರಣವಾದ ತಾಯಂದಿರ ಮಾತುಗಳು, ಉತ್ತರಿಸಲು ಒಪ್ಪದವರ ಸಂಖ್ಯೆ ಇವೆಲ್ಲ ಅದರಲ್ಲಿರಲಿ. ಯಾವ ವಯಸ್ಸಿನ, ಯಾವ ಜಿಲ್ಲೆಗಳ, ಹೆರಿಗೆಯಾಗಿ ಎಷ್ಟು ವಾರವಾದ ತಾಯಂದಿರಿಗೆ ಈ ಪುರಾವೆ ಅನ್ವಯಿಸುತ್ತದೆ ಎಂಬುದನ್ನು ಸಾರಾಂಶದಲ್ಲಿಯೇ ಹೇಳಿಬಿಡಿ. ಕಾಫಿ ತೋಟದ ಲೈನ್ ಮನೆಗಳಲ್ಲಿರುವ ತಾಯಂದಿರನ್ನೋ ಬೆಂಗಳೂರಿನ ಕಟ್ಟಡ ಕಾರ್ಮಿಕ ಮಹಿಳೆಯರನ್ನೋ ನೀವು ಭೇಟಿ ಮಾಡಿಲ್ಲದಿದ್ದರೆ ಅದನ್ನೂ ಅಲ್ಲಿಯೇ ಬರೆಯಿರಿ, ಮುಂದೆ ಅವರ ಬಳಿಗೆ ಹೋಗುವವರು ನಾಲ್ಕನೆಯ ಹಂತದಿಂದಲೇ, ಅಂದರೆ ತಾಯಂದಿರ ಬಾಯಿಂದ ಕೇಳುವಲ್ಲಿಂದಲೇ, ಕೆಲಸ ಆರಂಭಿಸಬಹುದು.